ಮೂರನೆಯ ತಿರುವಿನಲ್ಲಿ ದಮ್ಮು ಕಳೆದುಕೊಳ್ಳುವ ಮನೆಗಾಡಿಯವರಿಗೆ

ಮಾನ್ಯ ಮನೆಗಾಡಿಯವರೇ,

ತಮ್ಮ ನಾಲ್ಕು ಚಕ್ರಗಳಿಗೂ, ಬೆನ್ನಿಗೆ ಕಟ್ಟಿಕೊಂಡಿರುವ ಐದನೆಯದಕ್ಕೂ, ಇಪ್ಪತ್ತೇಳು ವರ್ಷದಿಂದ ಕುಡಿದು ಹೊಗೆ ಬಿಟ್ಟು ಹಿರಿತನ ಸಂಪಾದಿಸಿರುವ ತಮ್ಮ ಡೀಸೆಲ್ ಎಂಜಿನ್ನಿಗೂ ಬೇರೆಬೇರೆಯಾಗಿ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಾವು ನಮ್ಮ ಅಡುಗೆಮನೆಯ ಕಿಟಕಿಗೆ ಅಡ್ಡ ನಿಂತು, ಒಳಗೆ ಬರುವ ಬೆಳಕನ್ನೆಲ್ಲ ತಾವೇ ಅನುಭವಿಸುತ್ತ ಕ್ಷೇಮವಾಗಿರುವುದನ್ನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ.

ಮನೆಯ ಮಾತನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಇದರ ಒಂದು ಪ್ರತಿಯನ್ನು ತಮ್ಮ ಹಿಂದಿನ ಗಾಜಿಗೆ ಅಂಟಿಸುವ ಉದ್ದೇಶವಿದೆ. ಘಾಟಿಯ ಏರಿನಲ್ಲಿ ತಮ್ಮ ಬೆನ್ನಿಗೆ ಬಿದ್ದು ಹಾರ್ನ್ ಹೊಡೆಯುವ ಮಹನೀಯರಿಗೆ ಕಾರಣವಾದರೂ ತಿಳಿಯಲಿ ಎಂದು. ತಮ್ಮ ವೇಗಕ್ಕೆ ಅವರು ಇದನ್ನು ಓದಿ ಮುಗಿಸಿ, ಕಾಗುಣಿತದ ತಪ್ಪು ತಿದ್ದಿ, ಉತ್ತರವನ್ನೂ ಬರೆಯಬಹುದು.

ತಾವು ಮರೆತಿದ್ದರೆ ನೆನಪಿಸುತ್ತೇನೆ, ನಾನು ತಮ್ಮ ಮೂರನೆಯ ಮಾಲೀಕ. ಔಷಧಿ ಶೀಶೆಗಳಿಗೆ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಮೇಜಿನ ಹಿಂದೆ ಕೂತು ನಿವೃತ್ತನಾದವನು. ಒಳಗಿನ ಗಾಳಿ ಹೊರಗೆ ಬರಬಾರದು, ಹೊರಗಿನದು ಒಳಗೆ ಹೋಗಬಾರದು, ಇಷ್ಟೇ ನನ್ನ ಕೆಲಸ, ಇದೇ ನನ್ನ ಧರ್ಮ. ತೆರೆದಾಗ ‘ಹುಸ್’ ಎಂದರೆ ಅದು ಮುಚ್ಚಳ, ಅನ್ನದಿದ್ದರೆ ಅದು ಬರೀ ಟೋಪಿ ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದೆ. ಬೀದಿಯಲ್ಲಿ ನನ್ನನ್ನು ಈಗಲೂ ‘ಮುಚ್ಚಳದವರು’ ಎಂದೇ ಕರೆಯುತ್ತಾರೆ, ನನಗೇನೂ ಬೇಸರವಿಲ್ಲ.

ತಮ್ಮನ್ನು ಮನೆಗೆ ತಂದದ್ದು ಮೋಜಿಗಲ್ಲ. ನನ್ನ ಹೆಂಡತಿಗೆ ಬಸ್ಸಿನಲ್ಲಿ ವಾಂತಿ, ರೈಲಿನಲ್ಲಿ ವಾಂತಿ, ಒಂದು ಸಲ ಆಸ್ಪತ್ರೆಯ ಲಿಫ್ಟಿನಲ್ಲಿ ಎರಡನೆಯ ಮಹಡಿಗೂ ಮೂರನೆಯ ಮಹಡಿಗೂ ನಡುವೆ ವಾಂತಿ. ಕಾಲು ಚಾಚಿ ಮಲಗಿದರೆ ಮಾತ್ರ ಅವಳಿಗೆ ಪ್ರಯಾಣ ಒಗ್ಗುತ್ತದೆ. ಘಾಟಿಯ ಆಚೆ ಅವಳ ಅಕ್ಕ ಇದ್ದಾರೆ. ತಾಯಿಯಿಲ್ಲದ ಮನೆಯಲ್ಲಿ ಇವಳ ತಲೆ ಬಾಚಿ, ಪಾಠ ಒಪ್ಪಿಸಿಕೊಂಡು, ಬೈದು ಬೆಳೆಸಿದವರು. ಈಗ ಅವರ ಎರಡೂ ಮೊಣಕಾಲುಗಳು ಕೈಕೊಟ್ಟಿವೆ, ಅವರು ಬರಲಾರರು. ಇವಳು ಹೋಗಲಾರಳು. ಅಕ್ಕತಂಗಿಯರು ಮುಖ ನೋಡಿ ಏಳು ವರ್ಷವಾಯಿತು. ಫೋನಿದೆಯಲ್ಲ ಎಂದು ನಾನೊಮ್ಮೆ ಬುದ್ಧಿವಂತಿಕೆಯ ಮಾತಾಡಿದೆ. ಆವತ್ತು ಮನೆಯಲ್ಲಿ ನನ್ನ ಜೊತೆ ಮಾತಾಡಿದ್ದು ರೇಡಿಯೋ ಒಂದೇ. ಆದ್ದರಿಂದಲೇ ಹಾಸಿಗೆ, ಒಲೆ, ಮುಖ ತೊಳೆಯುವ ಬೋಗುಣಿ ಸಮೇತ ತಮ್ಮನ್ನು ಹುಡುಕಿ ಕರೆತಂದದ್ದು.

ಬಂದ ಮೇಲೆ ತಮಗೇನು ಕಡಿಮೆ ಮಾಡಿದೆವು ಹೇಳಿ. ಹೊಸ ಪರದೆ ಹೊಲಿದು ಹಾಕಿದ್ದಾಯಿತು. ಚಕ್ರಗಳಿಗೆ ನನ್ನ ಚಪ್ಪಲಿಗಿಂತ ಹೆಚ್ಚು ಸಲ ಬ್ರಷ್ ಹಾಕಿದ್ದಾಯಿತು. ಮೊದಲ ವಾರವೇ ತಮ್ಮ ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ದೊಡ್ಡ ತೂತು ಕಂಡು ನನ್ನ ಮೈ ಉರಿದುಹೋಯಿತು. ಯಾವ ಅಯೋಗ್ಯ ಇದನ್ನು ತಪಾಸಣೆಯಲ್ಲಿ ಪಾಸು ಮಾಡಿದನೋ! ಡೀಸೆಲ್ ವಾಸನೆ ಬಂದರೆ ನನ್ನ ಹೆಂಡತಿಗೆ ಹೊಟ್ಟೆ ತೊಳೆಸುತ್ತದೆ, ಅದು ಈ ತೂತಿನಿಂದಲೇ ಬರುತ್ತಿದೆ ಎಂದು ನಿರ್ಧರಿಸಿ, ಎರಡು ದಿನ ಕೂತು, ರಬ್ಬರ್ ಕತ್ತರಿಸಿ, ಅಂಟು ಹಾಕಿ, ತೂತಿಲ್ಲದ ಹೊಸ ಮುಚ್ಚಳವನ್ನು ಕೈಯಾರೆ ಮಾಡಿ ತೊಡಿಸಿದೆ. ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿದರೆ ಒಂದೇ ಒಂದು ಗುಳ್ಳೆ ಬರಲಿಲ್ಲ. ಮಾಡಿದ ಉಪಕಾರವನ್ನು ಹೇಳಿಕೊಳ್ಳಬಾರದೆಂದು ಈ ವಿಷಯ ನಾನು ಯಾರಿಗೂ, ಹೆಂಡತಿಗೂ ಸಹ, ಹೇಳಲಿಲ್ಲ.

ಇಷ್ಟೆಲ್ಲ ಉಪಚಾರಕ್ಕೆ ತಾವು ಕೊಟ್ಟ ಪ್ರತಿಫಲವನ್ನು ನೋಡೋಣ. ಘಾಟಿಯ ಬುಡದ ಬಂಕಿನಲ್ಲಿ ತಮಗೆ ಕಂಠಪೂರ್ತಿ ಕುಡಿಸಿ ಹೊರಟೆವು. ಮೊದಲ ತಿರುವು ದಾಟಿದಿರಿ, ಎರಡನೆಯದು ದಾಟಿದಿರಿ. ಮೂರನೆಯ ತಿರುವಿನಲ್ಲಿ ನಾನು ಆಕ್ಸಿಲರೇಟರನ್ನು ನೆಲ ಮುಟ್ಟುವವರೆಗೆ ತುಳಿದರೂ, ತಾವು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ, ಮಧ್ಯಾಹ್ನದ ಊಟವಾದ ಗುಮಾಸ್ತನ ಗಾಂಭೀರ್ಯದಿಂದ ನಿಧಾನವಾದಿರಿ. ಮೊದಲು ಒಬ್ಬ ಸೈಕಲ್ಲಿನವ ನಮ್ಮನ್ನು ದಾಟಿದ. ಆಮೇಲೆ ರಸ್ತೆ ರಿಪೇರಿಯ ರೋಡ್ ರೋಲರ್ ಹಿಂದಿನಿಂದ ಬಂದು ದಾರಿ ಕೇಳಿತು. ನಾನು ಸೋದರಭಾವದಿಂದ ಪಕ್ಕಕ್ಕೆ ಸರಿದೆ. ಕೊನೆಗೆ ತಾವು ಎರಡು ಸಲ ಗೊಳಗೊಳ ಎಂದು ನಿಂತೇಬಿಟ್ಟಿರಿ. ವಾಪಸು ಇಳಿಯುವಾಗ ಮಾತ್ರ ಎಂಥ ಹುರುಪು! ಇಳಿಜಾರಿನಲ್ಲಿ ತಮ್ಮಷ್ಟು ಶಕ್ತಿಶಾಲಿ ವಾಹನವನ್ನು ನಾನು ಕಂಡಿಲ್ಲ.

ಹೀಗೆ ಮೂರು ಸಲವಾಯಿತು, ಮೂರು ಸಲವೂ ಅದೇ ತಿರುವು. ಆಚೆ ಬದಿಯಲ್ಲಿ ಅಕ್ಕ ಮೂರು ಸಲವೂ ತಂಗಿಗೆಂದು ಹಾಸಿಗೆ ಹಾಸಿ, ಹೊದಿಕೆ ಬಿಸಿಲಿಗೆ ಹಾಕಿ, ಕೋಲೂರಿಕೊಂಡು ಗೇಟಿನವರೆಗೆ ಬಂದು ನಿಂತು ಒಳಗೆ ಹೋದರು. ಮೂರನೆಯ ಸಲ ಫೋನಿನಲ್ಲಿ ಅವರು ಬೈಯಲಿಲ್ಲ. “ಹಾಸಿ ಹಾಸಿ ಮಡಚಿಡೋದೇ ಆಯ್ತು ಕಣೇ. ಇನ್ಮೇಲೆ ಹಾಸಲ್ಲ, ನೀನು ಬಂದ್ಮೇಲೇ ಹಾಸ್ತೀನಿ,” ಎಂದರಷ್ಟೆ. ನನ್ನ ಹೆಂಡತಿ ಫೋನ್ ಇಟ್ಟು, ಒರೆಸಿದ್ದ ಒಲೆಯನ್ನೇ ಮತ್ತೆ ಒರೆಸಿದಳು. ನನಗೆ ತುಂಬ ನೋವಾಯಿತು. ಇದನ್ನು ತಮಗೆ ಅಣಕಕ್ಕೆ ಹೇಳುತ್ತಿಲ್ಲ.

ತಮ್ಮ ರೋಗಪರೀಕ್ಷೆಗೆ ನಾನು ಪಟ್ಟ ಪಾಡು ತಮಗೆ ಗೊತ್ತೇ ಇದೆ. ಮೊದಲಿಗೆ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೂ ಇನ್ನೊಂದು ತುದಿ ಕಿವಿಗೂ ಇಟ್ಟು ಕೇಳುವುದರಿಂದ ‘ಡಾಕ್ಟರು’ ಎಂದೇ ಹೆಸರಾದ ಮೆಕ್ಯಾನಿಕ್ಕರ ಬಳಿ ಹೋದೆವು. ಅವರು ಸಿಗರೇಟಿನ ದಮ್ಮು ಎಳೆದು, ಐದು ನಿಮಿಷ ಕೆಮ್ಮಿ, ಗಾಡಿಗೆ ದಮ್ಮಿಲ್ಲ ಎಂದರು. ದಮ್ಮು ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಡೀಸೆಲ್ ಇರಬಹುದು, ಗಾಳಿ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಗಾಳಿಯ ಫಿಲ್ಟರ್ ಬಿಚ್ಚಿದರೆ ಒಳಗೆ ಇಲಿಯ ಗೂಡು. ಬೆಟ್ಟ ಅಗೆದು ಇಲಿ ಹಿಡಿಯುವುದನ್ನು ಕೇಳಿದ್ದೆ, ಬೆಟ್ಟ ಹತ್ತಲು ಹೋಗಿ ಇಲಿ ಹಿಡಿದವನು ನಾನೊಬ್ಬನೇ ಇರಬೇಕು.

ಆಮೇಲೆ ಡೀಸೆಲ್ ಪಂಪಿನ ಕೆಲಸದಲ್ಲಿ ಪಳಗಿದ ಮೇಸ್ತ್ರಿಯೊಬ್ಬರು ತಮ್ಮ ಎಂಜಿನ್ನಿನ ಪಂಪು, ನಾಜಲ್ಲುಗಳನ್ನೆಲ್ಲ ಬಿಚ್ಚಿ ಬಟ್ಟೆಯ ಮೇಲೆ ಹರಡಿ, ತೊಳೆದು ಜೋಡಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಎಮ್ಮೆ ಒಂದು ವಾರ ಶೆಡ್ಡಿನಲ್ಲೇ ಬಿದ್ದಿತ್ತು. ಇಬ್ಬರೂ ಓಡಿಸಿ ನೋಡುವ ಮುಂಚೆ ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ಎಂದು ಮುಚ್ಚಳ ತೆಗೆದು ಇಣುಕುತ್ತಿದ್ದರು. ತೆಗೆದಾಗಲೆಲ್ಲ ‘ಹುಸ್’ ಎಂಬ ಸದ್ದು. ಹೇಗಿದೆ ನಮ್ಮ ಕೈಕೆಲಸ ಎಂದು ನಾನು ಅವರ ಮುಖ ನೋಡುತ್ತಿದ್ದೆ. ಅವರು ತಮ್ಮನ್ನು ಬೀದಿ ತುಂಬ ಓಡಿಸಿಕೊಂಡು ಬಂದು, ಗಾಡಿ ಕುದುರೆ ಇದ್ದ ಹಾಗಿದೆ, ಓಡಿಸುವವರದ್ದೇ ಏನೋ ತೊಂದರೆ ಎಂಬಂತೆ ನನ್ನ ಮುಖ ನೋಡುತ್ತಿದ್ದರು.

ಕೊನೆಗೆ ನಮ್ಮ ಅಳಿಯ ಬಂದ. ಕಾರಿಗೆ ವೈರು ಚುಚ್ಚಿ ಕಂಪ್ಯೂಟರಿನಲ್ಲಿ ಕಾಯಿಲೆ ಓದುವ ಯಂತ್ರ ಅವನ ಹತ್ತಿರವಿದೆ. ವೈರು ಚುಚ್ಚುವ ಜಾಗ ಹುಡುಕುತ್ತ ತಮ್ಮ ಹೊಟ್ಟೆಯಡಿ, ಸೀಟಿನಡಿ, ಒಲೆಯಡಿ ಎರಡು ಗಂಟೆ ತೆವಳಿದ. ತಾವು ಹುಟ್ಟಿದ ಕಾಲದಲ್ಲಿ ಅದು ಇರಲೇ ಇಲ್ಲವೆಂದು ಅವನಿಗೇನು ಗೊತ್ತು. “ಮಾವ, ಈ ಗಾಡೀಲಿ ಎಲ್ಲೂ ತೂತೇ ಇಲ್ಲ,” ಎಂದು ಸೋತು ಹೇಳಿದ. ನಾನು ಅದನ್ನು ಪ್ರಶಂಸೆಯೆಂದು ಸ್ವೀಕರಿಸಿದೆ.

ಈ ನಡುವೆ ಕೋಳಿ ಸಾಕುವ ಎದುರುಮನೆಯವರು ಟೇಪು ಹಿಡಿದು ಬಂದು ತಮ್ಮ ಉದ್ದಗಲ ಅಳೆದಿದ್ದಾರೆ. ಅಡ್ಡಹಲಗೆ ಹೊಡೆದರೆ ನೂರಾ ಇಪ್ಪತ್ತು ಕೋಳಿ ಆರಾಮಾಗಿ ಹಿಡಿಸುತ್ತವಂತೆ. ಇನ್ನೊಂದು ಸಲ ಹತ್ತದಿದ್ದರೆ ಕೋಳಿಗಾದರೂ ಆಗಲಿ ಎಂದು ನನ್ನ ಹೆಂಡತಿ ಹೇಳಿಬಿಟ್ಟಿದ್ದಾಳೆ. ಅವಳು ಹೇಳಿದ ಮೇಲೆ ಆಯಿತು, ಮೇಲ್ಮನವಿ ಇಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ದಮ್ಮು ಕಳೆದುಕೊಳ್ಳುವ ಮೂರು ದಿನ ಮುಂಚೆ ಲಿಖಿತ ರಜಾ ಅರ್ಜಿ ಸಲ್ಲಿಸಬೇಕು. ಕಳೆದುಕೊಳ್ಳಲೇಬೇಕೆಂದಿದ್ದರೆ ದಯವಿಟ್ಟು ಇಳಿಜಾರಿನಲ್ಲಿ ಕಳೆದುಕೊಳ್ಳಬೇಕು. ಅದೂ ಆಗದಿದ್ದರೆ ಘಾಟಿಯವರೊಂದಿಗೆ ನೇರವಾಗಿ ಮಾತಾಡಿ ಅವರನ್ನೇ ಸ್ವಲ್ಪ ತಗ್ಗಲು ಒಪ್ಪಿಸಬೇಕು, ತಮಗೆ ಅವರ ಪರಿಚಯ ನನಗಿಂತ ಚೆನ್ನಾಗಿದೆ. ಇಷ್ಟಕ್ಕೂ ತಮ್ಮ ತೊಂದರೆ ಏನೆಂದು ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಇಷ್ಟು ದೊಡ್ಡ ಪತ್ರ ಬೇಕಿತ್ತೇ?

ಪತ್ರವನ್ನು ಇಲ್ಲಿಯವರೆಗೆ ಬರೆದು, ಜೇಬಿನಲ್ಲಿಟ್ಟುಕೊಂಡು, ನಾಲ್ಕನೆಯ ಸಲ ಹೊರಟದ್ದು ಕಳೆದ ಸೋಮವಾರ. ಇಂದು ಶುಕ್ರವಾರ. ಬರೆದದ್ದನ್ನು ಹರಿದುಹಾಕುವ ಅಭ್ಯಾಸ ನನಗಿಲ್ಲ, ಆದ್ದರಿಂದ ಮುಂದುವರಿಸುತ್ತೇನೆ.

ಬಂಕಿನಲ್ಲಿ ಯಥಾಪ್ರಕಾರ ಕಂಠಪೂರ್ತಿ. ಮೂರನೆಯ ತಿರುವಿನಲ್ಲಿ ಯಥಾಪ್ರಕಾರ ಗೊಳಗೊಳ. ನನಗೆ ತಲೆಕೆಟ್ಟುಹೋಯಿತು. ಕೆಳಗಿಳಿದು, ತಮ್ಮ ಮೂತಿಯೆದುರು ನಿಂತು, ಜೇಬಿನಿಂದ ಈ ಪತ್ರ ತೆಗೆದು, ತಮಗೆ ಕೇಳಲಿ ಎಂದು ಗಟ್ಟಿಯಾಗಿ ಓದಲು ಶುರುಮಾಡಿದೆ. ಒಬ್ಬ ಲಾರಿಯವನು ನಿಧಾನಿಸಿ, ನನ್ನನ್ನು ನೋಡಿ, ಬೇಗ ಹೊರಟುಹೋದ. ನಮಸ್ಕಾರಗಳಾದವು, ಲಿಫ್ಟಿನ ವಾಂತಿಯಾಯಿತು, ಬಕೆಟ್ಟಿನ ನೀರಿಗೆ ಬಂದೆ. ‘ಒಂದೇ ಒಂದು ಗುಳ್ಳೆ ಬರಲಿಲ್ಲ’ ಎಂದು ಹೆಮ್ಮೆಯಿಂದ ಓದಿದಾಗ ಒಳಗೆ ಮಲಗಿದ್ದ ನನ್ನ ಹೆಂಡತಿ ಪರದೆ ಸರಿಸಿ, ಆ ಸಾಲನ್ನು ಇನ್ನೊಮ್ಮೆ ಓದಲು ಹೇಳಿದಳು. ಓದಿದೆ.

“ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತಾರೆ, ಹೇಳಿ ನೋಡೋಣ,” ಎಂದಳು.

ಒಂದರಿಂದ ಎಣ್ಣೆ ಹೊರಗೆ ಬರಲು, ಇನ್ನೊಂದರಿಂದ ಗಾಳಿ ಒಳಗೆ ಹೋಗಲು, ಗಾಳಿ ಹೋಗದಿದ್ದರೆ ಎಣ್ಣೆ ಗೊಳಗೊಳ ಎಂದು ನಿಂತುಬಿಡುತ್ತದೆ ಎಂದು ನಾನು ಶಾಲೆಯ ಹುಡುಗನ ಹಾಗೆ ಒಪ್ಪಿಸುತ್ತ ಹೋದೆ. ‘ಗೊಳಗೊಳ’ದವರೆಗೆ ಬಂದದ್ದೇ ನನ್ನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅವಳು ಇಳಿದು ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ತಾವು ‘ಹುಸ್ಸ್’ ಎಂದು ಬಹಳ ಹೊತ್ತು ಗಾಳಿ ಎಳೆದುಕೊಂಡಿರಿ. ಆಮೇಲೆ ನನ್ನ ಕೈಗೇ ಸುತ್ತಿಗೆ, ಮೊಳೆ ಕೊಟ್ಟಳು. ಮೂವತ್ತೊಂದು ವರ್ಷ ತೂತು ಹಿಡಿದವನು ಅಂದು ರಸ್ತೆಬದಿಯ ಕಲ್ಲಿನ ಮೇಲಿಟ್ಟು, ನಾನೇ ಮಾಡಿದ ಮುಚ್ಚಳಕ್ಕೆ, ನನ್ನ ಕೈಯಾರೆ ತೂತು ಹೊಡೆದೆ. ಕಣ್ಣು ಮುಚ್ಚಿಕೊಂಡು ಹೊಡೆದದ್ದರಿಂದ ಮೊದಲ ಏಟು ಹೆಬ್ಬೆರಳಿಗೆ ಬಿತ್ತು.

ನಾಲ್ಕನೆಯ ತಿರುವನ್ನು ನಾನು ನೋಡಿದ್ದು ಅದೇ ಮೊದಲು. ಐದು, ಆರು, ಏಳು ಹೇಗೆ ದಾಟಿದವೋ ತಿಳಿಯಲಿಲ್ಲ. ರೋಡ್ ರೋಲರನ್ನೂ ಹಿಂದೆ ಹಾಕಿದೆವು, ಅದು ನಿಂತಿತ್ತು ಎಂಬುದನ್ನು ಇಲ್ಲಿ ಚರ್ಚಿಸುವುದು ಬೇಡ.

ಅಕ್ಕ ಹೇಳಿದಂತೆಯೇ ಹಾಸಿಗೆ ಹಾಸಿರಲಿಲ್ಲ. ತಮ್ಮ ಸದ್ದು ಕೇಳಿ ಗೇಟಿನವರೆಗೆ ಬಂದವರು, ತಂಗಿ ಇಳಿಯುವುದಕ್ಕೂ ಕಾಯದೆ, ಆ ಮೊಣಕಾಲುಗಳಲ್ಲೇ ನನ್ನ ಹೆಗಲು ಹಿಡಿದು ತಮ್ಮ ಮೆಟ್ಟಿಲು ಹತ್ತಿ, ಒಳಗಿನ ಹಾಸಿಗೆಯ ಮೇಲೆ ಅವಳ ಪಕ್ಕದಲ್ಲಿ ಮಲಗಿಯೇಬಿಟ್ಟರು. ನನಗೆ ಬಾಗಿಲು ಹಾಕಿಕೊಂಡು ಬಾ ಎನ್ನಲಿಲ್ಲ, ಹಾಕಿಕೊಂಡು ಹೋಗು ಎಂದರು. ನಾಲ್ಕು ಗಂಟೆ ಹೊತ್ತು ಆ ಪರದೆಯ ಹಿಂದಿನಿಂದ ಮಾತು, ನಗು, ಒಮ್ಮೆ ಅಳು, ಮತ್ತೆ ನಗು. ಉಸಿರು ತೆಗೆದುಕೊಳ್ಳಲೂ ಇಬ್ಬರೂ ನಿಲ್ಲಿಸಲಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಹೆಬ್ಬೆರಳಿಗೆ ಗಾಳಿ ಊದಿಕೊಳ್ಳುತ್ತ, ತಮ್ಮನ್ನೇ ನೋಡುತ್ತಿದ್ದೆ.

ಮಾನ್ಯರೇ, ತಾವು ಬಾಯಿಬಿಟ್ಟು ಹೇಳಲಿಲ್ಲವೆಂದು ಮೇಲೆ ಆಪಾದಿಸಿದ್ದೇನೆ. ತಮ್ಮ ಬಾಯಿ ಮುಚ್ಚಿಸಿದವನು ನಾನೇ. ಆದರೂ ಯಾರೇ ಮುಚ್ಚಳ ತೆಗೆದಾಗಲೂ ತಾವು ‘ಹುಸ್’ ಎಂದು ಗಾಳಿ ಎಳೆದುಕೊಂಡು, ಆಮೇಲೆ ಬೀದಿ ತುಂಬ ಕುದುರೆಯಂತೆ ಓಡಿ ಹೇಳಿದಿರಿ, ಅದನ್ನು ನಾನು ನನಗೆ ಬಂದ ಪ್ರಶಸ್ತಿ ಎಂದುಕೊಂಡೆ. ಹಾಗೆಂದು ದೂರನ್ನು ಹಿಂತೆಗೆದುಕೊಳ್ಳುತ್ತಿಲ್ಲ. ಇಷ್ಟು ಚೆನ್ನಾಗಿ ಬರೆದದ್ದು ವ್ಯರ್ಥವಾಗಬಾರದು. ವಿಳಾಸವನ್ನು ಮಾತ್ರ ಬದಲಾಯಿಸಿ, ನಮ್ಮ ಮನೆಯ ಮುಚ್ಚಳ ತಪಾಸಣಾ ವಿಭಾಗಕ್ಕೆ ವರ್ಗಾಯಿಸಿದ್ದೇನೆ. ಎದುರುಮನೆಯ ಕೋಳಿಗಳಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ತಿಳಿಸಲಾಗಿದೆ.

ಊದಿದ ಹೆಬ್ಬೆರಳಿನ,
ತಮ್ಮ ವಿಶ್ವಾಸಿ,
ಮೂರನೆಯ ಮಾಲೀಕ

ತಾ.ಕ.: ಡೀಸೆಲ್ ವಾಸನೆ ತೂತಿನಿಂದ ಬರುತ್ತಿರಲಿಲ್ಲ. ನಾನು ಕೈ ಒರೆಸಿಕೊಂಡು ಹಾಸಿಗೆಯಡಿ ತುರುಕಿಡುತ್ತಿದ್ದ ಬಟ್ಟೆಯನ್ನು ಅಕ್ಕ ಎರಡೇ ಬೆರಳಲ್ಲಿ ಎತ್ತಿ, ಕಿಟಕಿಯಿಂದ ನನ್ನ ಮಡಿಲಿಗೇ ಎಸೆದರು. ಇನ್ನು ಈ ಪತ್ರದ ವಿಷಯ. ಹಿಂದಿನ ಗಾಜಿಗೆ ಅಂಟಿಸಿದರೆ ಓದುವವರಿಗೆ ಈಗ ಸಮಯ ಸಾಲುವುದಿಲ್ಲವೆಂದು ನನ್ನ ಹೆಂಡತಿ ಅದನ್ನು ಸ್ಟೀರಿಂಗ್ ಪಕ್ಕದಲ್ಲಿ, ಅಕ್ಷರಗಳು ನನ್ನ ಕಡೆಗೇ ಇರುವಂತೆ ಅಂಟಿಸಿದ್ದಾಳೆ.