ಹೋಟೆಲಿನಲ್ಲಿ ಹೆಣ್ಣು ನೋಡಿದ್ದು

ಹೆಣ್ಣು ನೋಡಲು ಮನೆಗೆ ಬೇಡ, ಮಡಿಕೇರಿಯ ದೊಡ್ಡ ಹೋಟೆಲಿಗೆ ಮಧ್ಯಾಹ್ನ ಊಟಕ್ಕೇ ಬನ್ನಿ ಎಂದು ಕಾಫಿ ತೋಟದ ಸೋಮಯ್ಯನವರು ದೇರಪ್ಪನಿಗೆ ಹೇಳಿ ಕಳಿಸಿದ್ದರು. ಬಿಳಿ ದೊರೆಗಳು ಉಣ್ಣುವ ಜಾಗ ಅದು. ದೇರಪ್ಪ ಬೆಳಿಗ್ಗೆ ಎದ್ದವನೇ ಚಾಕು, ಫೋರ್ಕು ಹಿಡಿದು ಕಡುಬಿನ ಮುಂದೆ ಅಭ್ಯಾಸಕ್ಕೆ ಕೂತ.

ಪಕ್ಕದ ಮನೆಯ ಬೊಳ್ಳಮ್ಮ ಇಣುಕಿ ನೋಡಿದರು. "ಆ ಕಡುಬು ನಿಂಗೆ ಎಂಥ ಮಾಡಿತ್ತು ದೇರಪ್ಪ, ಹಂಗೆ ಚುಚ್ಚುದು?"

ಪಾತ್ರೆ ಖಾಲಿಯಾಗುವಷ್ಟರಲ್ಲಿ ದೇರಪ್ಪನ ಕೈ ಪಳಗಿತ್ತು. ಅವನ ತಲೆಯಲ್ಲಿ ಇನ್ನೊಂದು ಉಪಾಯವೂ ಹೊಳೆಯಿತು. ಬೊಳ್ಳಮ್ಮನ ಮಗ ಗುರುವಪ್ಪ ಫೋರ್ಕನ್ನು ಕಣ್ಣಲ್ಲೂ ಕಂಡವನಲ್ಲ. ಅಂಥವನು ಪಕ್ಕದಲ್ಲಿ ಕೂತರೆ ತನ್ನ ನಾಜೂಕು ಎದ್ದು ಕಾಣುತ್ತದೆ. ಪುಕ್ಕಟೆ ಊಟವೆಂದು ಹೇಳಿ ಅವನನ್ನೂ ಬಸ್ಸು ಹತ್ತಿಸಿದ.

ಹೋಟೆಲಿನಲ್ಲಿ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಬಿಳಿ ಹಾಸಿನ ಮೇಜು, ಪೇಟ ಸುತ್ತಿದ ಬೇರರ್, ಎದುರಿಗೆ ಸೋಮಯ್ಯನವರು ಮತ್ತು ಮಗಳು ಯಮುನ. ದೇರಪ್ಪ ಸದ್ದಿಲ್ಲದೆ ಸೂಪು ಕುಡಿದ. ಗುರುವಪ್ಪ ಕುಡಿದ ಸದ್ದಿಗೆ ಆಚೆ ಮೇಜಿನ ದೊರೆಸಾನಿ ತಿರುಗಿ ನೋಡಿದಳು. ಕೋಳಿ ಬಂತು. ಗುರುವಪ್ಪ ಫೋರ್ಕು ಒತ್ತಿದ್ದೇ ತಡ, ಕೋಳಿಕಾಲು ಜೀವ ಬಂದಂತೆ ಹಾರಿ ಆ ದೊರೆಸಾನಿಯ ಟೋಪಿಯಲ್ಲಿ ಕೂತಿತು. ದೇರಪ್ಪ ಎದ್ದು ಹೋಗಿ, ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ಗೆದ್ದವನ ಗತ್ತಿನಲ್ಲಿ ಮರಳಿದ.

ಅಷ್ಟರಲ್ಲಿ ಗುರುವಪ್ಪ ಕೈ ತೊಳೆದು ಬಂದು, ಇನ್ನೊಂದು ತುಂಡನ್ನು ಕೈಯಲ್ಲೇ ಹಿಡಿದಿದ್ದ. "ನಂಗೆ ಇದ್ ಆಗುದಿಲ್ಲ ಮಾವ. ಹಸಿವು ಉಂಟು, ಕೈಲೇ ತಿಂತೇನೆ" ಎಂದು ಸೋಮಯ್ಯನವರಿಗೆ ಹೇಳಿದ.

ಯಮುನ ಕಿಸಕ್ಕೆಂದು ನಕ್ಕು, ತನ್ನ ಫೋರ್ಕನ್ನೂ ಪಕ್ಕಕ್ಕಿಟ್ಟಳು. ಸೋಮಯ್ಯನವರು ಕೋಟಿನ ತೋಳು ಮಡಚಿದರು. ಮೂವರೂ ಮೂಳೆ ಚೀಪುತ್ತಾ ಊರು ಕೇರಿಯ ಮಾತಿಗಿಳಿದರೆ, ದೇರಪ್ಪ ಒಬ್ಬನೇ ತಟ್ಟೆಯಲ್ಲಿ ಬಟಾಣಿ ಕಾಳುಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಅವಳು ಗುರುವಪ್ಪನನ್ನು ಕಂಡು ನಗುತ್ತಿದ್ದಾಳೆಂದು ಅವನಿಗೆ ಒಳಗೊಳಗೇ ಖುಷಿ.

ಮೂವರ ಊಟ ಮುಗಿಯಿತು. ಮಗಳು ತಂದೆಯ ಕಿವಿಯಲ್ಲಿ ಏನೋ ಹೇಳಿದಳು. ಸೋಮಯ್ಯನವರು ಮೀಸೆ ಒರೆಸಿಕೊಂಡು, "ನಮ್ಮ ಹುಡುಗಿಗೆ ಒಪ್ಪಿಗೆ" ಎಂದರು. ದೇರಪ್ಪ ಕಾಲರ್ ಸರಿಮಾಡಿಕೊಂಡ.

"ಗುರುವಪ್ಪ, ನಿಮ್ಮಮ್ಮನ ಹತ್ರ ಮಾತಾಡ್ಲಿಕ್ಕೆ ಯಾವಾಗ ಬರ್ಲಿ?"

ದೇರಪ್ಪನ ಫೋರ್ಕಿನಲ್ಲಿದ್ದ ಕೊನೆಯ ಬಟಾಣಿ ಉರುಳಿ ಬಿತ್ತು.

ಸೋಮಯ್ಯನವರು ಅವನತ್ತ ತಿರುಗಿ ಪ್ರೀತಿಯಿಂದ ಭುಜ ತಟ್ಟಿದರು. "ನೀವು ಬೇಜಾರು ಮಾಡ್ಬಾರ್ದು. ಮದುವೆಗೆ ನಮ್ಮ ಎಸ್ಟೇಟಿನ ಕಡೆಯ ದೊರೆಗಳೆಲ್ಲ ಬರ್ತಾರೆ. ಅವರ ಮೇಜಿಗೆ ಬಡಿಸ್ಲಿಕ್ಕೆ ನಿಮ್ಮಂಥ ನಾಜೂಕಿನವರು ಬೇರೆ ಯಾರಿದ್ದಾರೆ?"