ಎದುರುಕಣ ಹುಡುಕಿದ ದಿನಗಳು

ದೇವರ ಸೃಷ್ಟಿಯ ಒಳಗುಟ್ಟು ಕೆದಕಲು ಹೋದವನಿಗೆ, ನಡುನಡುವೆ ನಗುವುದಕ್ಕೂ ಆ ದೇವರೇ ಏನಾದರೂ ಒದಗಿಸಿಕೊಡುತ್ತಾನೆ. ನಿಜಾಮರ ಕಾಲದಲ್ಲಿ ನಾನು ಹೈದರಾಬಾದಿನ ಕಾಲೇಜೊಂದರಲ್ಲಿ ಎದುರುಕಣದ ಹಿಂದೆ ಬಿದ್ದಿದ್ದೆ. ಎಲೆಕ್ಟ್ರಾನಿನಷ್ಟೇ ತೂಕ, ವಿದ್ಯುತ್ತು ಮಾತ್ರ ತದ್ವಿರುದ್ಧ. ಕಣಗಳ ಜಾಡನ್ನು ಗೆರೆಯಾಗಿ ತೋರಿಸುವ ನಮ್ಮ ಪೆಟ್ಟಿಗೆಯ ಅಯಸ್ಕಾಂತದ ನಡುವೆ ಎಲೆಕ್ಟ್ರಾನಿನ ಗೆರೆ ಎಡಕ್ಕೆ ಬಾಗಿದರೆ ಇದರದು ಬಲಕ್ಕೆ. "ರಜೆ ಮುಗಿಯುವುದರೊಳಗೆ ಒಂದೇ ಒಂದು ಫೋಟೋ ತೋರಿಸು. ಇಲ್ಲದಿದ್ದರೆ ಪೆಟ್ಟಿಗೆ ಗೋದಾಮಿಗೆ" ಎಂದಿದ್ದರು ಪ್ರೊಫೆಸರ್ ಸಾಹೇಬರು.

ಗದ್ವಾಲದ ನಾಕೆ

ರಿಪೇರಿಯಾದ ಪೆಟ್ಟಿಗೆಯನ್ನು ಕರ್ನೂಲಿನಿಂದ ತರುವಾಗ ಗದ್ವಾಲದ ಸುಂಕದ ನಾಕೆಯಲ್ಲಿ ಜವಾನ ತಡೆದು ಮುಚ್ಚಳ ತೆಗೆಸಿದ.

"ಖಾಲಿ ಐತಲ್ರೀ!"

"ಆಕಾಶದಿಂದ ಬರೋ ಕಿರಣ ಹಿಡಿಯೋ ಪೆಟ್ಟಿಗಿ ಇದು. ಈಗಲೂ ಬರಾಕತ್ತಾವ. ನಿಮ್ಮ ತಲಿಯೊಳಗಿಂದನೂ ಹಾದು ಹೋಗ್ತಾವ."

ಅವನು ಮೆಲ್ಲಗೆ ತನ್ನ ರೂಮಿ ಟೋಪಿ ತೆಗೆದು, ಬೆಳಕಿಗೆ ಹಿಡಿದು, ತೂತು ಬಿದ್ದಿದೆಯೇ ಎಂದು ನೋಡಿದ.

ಮಕ್ತಲ್ ಮಠ

ಹೈದರಾಬಾದಿನಲ್ಲಿ ಗೆರೆಗಳ ಫೋಟೋ ತೆಗೆದು, ಆ ಗಾಜಿನ ಪ್ಲೇಟುಗಳೊಂದಿಗೆ ಊರಿಗೆ ಹೊರಟೆ. ದಾರಿಯಲ್ಲಿ ಮಕ್ತಲ್ ಮಠದ ಅಯ್ಯನವರಿಗೆ ನಮಸ್ಕರಿಸಿ ವಿವರಿಸಿದೆ: "ಕಣ, ಎದುರುಕಣ ಕೂಡಿದ್ವು ಅಂದ್ರ ಎರಡೂ ಇರೂದಿಲ್ರೀ ಅಜ್ಜಾರ. ಬರೇ ಬೆಳಕು."

ಅಯ್ಯನವರು ಕಣ್ಣು ಮುಚ್ಚಿ ಕೇಳಿದರು. "ಅದಕ್ಕ ನಾವು ಐಕ್ಯ ಅಂತೀವಿ, ತಮ್ಮಾ. ಇದನ್ನ ಕಲಿಯಾಕ ಹೈದರಾಬಾದಿಗೆ ಯಾಕ ಹೋದಿ? ಇಲ್ಲೇ ಕುಂತಿದ್ರ ಎರಡು ಹೊತ್ತು ಊಟಾನೂ ಹಾಕತಿದ್ವಿ!"

ನಾರಾಯಣಪೇಟೆಯ ಮಗ್ಗ

ಮನೆಯಲ್ಲಿ ಪ್ಲೇಟುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದೆ. ಎಲ್ಲ ಗೆರೆಯೂ ಎಡಕ್ಕೇ. ಕೊನೆಯದನ್ನೂ ನೋಡಿ, "ಶಿವಾ, ನಿನ್ನಿಚ್ಛೆ" ಎಂದು ಕೆಳಗಿಟ್ಟೆ. ಸೀರೆ ನೇಯುತ್ತಿದ್ದ ಅಪ್ಪ ಮಗ್ಗ ಬಿಟ್ಟು ಎದ್ದು ಬಂದು, ಆ ಪ್ಲೇಟಿನ ಅಂಚನ್ನು ಬೆರಳಿನಿಂದ ಸವರಿದರು.

"ಉಳಿದವು ಈ ಮಗ್ಗಲು ಮಾಸಲು ಅದಾವ. ಇದೊಂದು ನುಣುಪು. ಹಿಂಬದಿ ನೋಡಾಕತ್ತೀಯಲ್ಲೋ ಹುಚ್ಚಪ್ಪಾ! ಸೀರಿ ದಡಿ ಹಿಂಗ ತಿರುವಿ ತೋರಿಸಿದ್ರ ಗಿರಾಕಿ ಎದ್ದು ಹೋಗ್ತಾನ."

ತಿರುಗಿಸಿದೆ. ಫೋಟೋದ ಮದ್ದು ಬಳಿದ ಮಾಸಲು ಮಗ್ಗಲು ಈಚೆ ಬಂತು; ಗೆರೆ ಬಲಕ್ಕೆ ಬಾಗಿತ್ತು! ಅಪ್ಪನ ಕಾಲಿಗೆ ಬಿದ್ದುಬಿಟ್ಟೆ.

ಹೈದರಾಬಾದಿಗೆ ಮರಳಿ ಪ್ಲೇಟು ತೋರಿಸಿದೆ; ಪ್ರೊಫೆಸರ್ ಸಾಹೇಬರು ದಿನವಿಡೀ ಪರೀಕ್ಷಿಸಿ ಒಪ್ಪಿಕೊಂಡರು. ಪೆಟ್ಟಿಗೆ ಉಳಿಯಿತು.

"ಗುರುತಿಸಿದ್ದು ಯಾರು?"

"ನಮ್ಮಪ್ಪ, ಸಾಹೇಬ್. ನೇಕಾರರು" ಎಂದೆ ಎದೆಯುಬ್ಬಿಸಿ.

ಅವರು ಎದ್ದು ಬಾಗಿಲು ಹಾಕಿದರು. ಬೀರುವಿನಿಂದ ಹಳೆಯ ಪ್ಲೇಟುಗಳ ಒಂದು ಕಟ್ಟು ತೆಗೆದು ನನ್ನ ಕೈಗಿಟ್ಟು ಪಿಸುಗುಟ್ಟಿದರು: "ಇವನ್ನೂ ನಿಮ್ಮ ತಂದೆಯವರಿಗೆ ತೋರಿಸು. ನನ್ನವು ಅಂತ ಮಾತ್ರ ಹೇಳಬೇಡ!"