ಒಬ್ಬಳೇ ಆಡಿದ ಕೇರಂ

ನಮ್ಮವ್ವನ ಕಾಲದ ಹೆಂಗಸರು ಬೇಸರವಾದರೆ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದರು. ನಾವು ಮೊಬೈಲು ತೆಗೆದು ಏನಾದರೂ ತರಿಸುತ್ತೇವೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ನೋಡಿ, ಮೊದಲು ಬಂಗಾರದ ಮಾತು, ಸೀರೆಯ ಮಾತು. ಈಗ ಗಣಿತದ ಟೀಚರ್ ಮನೆಯಲ್ಲಿ ಗೋಡೆಯಗಲದ ಟಿವಿ, ಹಿಂದಿ ಮೇಡಂ ಮನೆಯಲ್ಲಿ ಹಾಡುವ ಮೈಕು, ಡ್ರಿಲ್ ಮಾಸ್ತರರ ಮನೆಯಲ್ಲಿ ಮೀನಿನ ತೊಟ್ಟಿ. ಯಾರಿಗೂ ಯಾರ ಮನೆಗೂ ಹೋಗಲು ಪುರಸೊತ್ತಿಲ್ಲ. ತಂದ ಸಾಮಾನು ಕಾಯುತ್ತಿರುತ್ತದಲ್ಲ!

ಬೆಟಗೇರಿಯ ಬಾಡಿಗೆ ಮನೆಯ ಮಹಡಿಯಲ್ಲಿ ನಾನೊಬ್ಬಳೇ ಇರುವುದು. ಮದುವೆ ಮಾಡಿಕೊಳ್ಳಲಿಲ್ಲ, ಅವ್ವನ ಜೊತೆಗಿದ್ದೆ, ಹೋದ ವರ್ಷ ಅವ್ವನೂ ಹೋದಳು. ಆಮೇಲೆ ಸಂಜೆಗಳು ಬಹಳ ಉದ್ದವಾದವು. ಅವುಗಳನ್ನು ಗಿಡ್ಡ ಮಾಡಲೆಂದು ಮೊದಲು ವ್ಯಾಯಾಮದ ಸೈಕಲ್ಲು ತರಿಸಿದೆ. ಎಷ್ಟು ತುಳಿದರೂ ಮುಂದೆ ಹೋಗದ ಆ ಗಾಡಿಯ ಮೇಲೆ ಈಗ ಟವೆಲ್ಲು ಚೆನ್ನಾಗಿ ಒಣಗುತ್ತದೆ. ಆಮೇಲೆ ಹಾರ್ಮೋನಿಯಂ ಬಂತು. ಅದನ್ನು ಒತ್ತಿದಾಗ ಎದುರು ಮನೆಯ ನಾಯಿ ಶ್ರುತಿ ಹಿಡಿಯಿತು, ನಾನು ಬಿಟ್ಟೆ. ಕೊನೆಗೆ ಒಂದು ಭಾನುವಾರ ಕೇರಂ ಬೋರ್ಡು ತರಿಸಿದೆ. ಆಡಲು ಇನ್ನೊಬ್ಬರು ಬೇಕೆಂಬುದು ಕಾಯಿ ಜೋಡಿಸಿ, ಪೌಡರು ಉದುರಿಸಿ ಕೂತ ಮೇಲೆ ಹೊಳೆಯಿತು.

ತಂದದ್ದು ತಂದಾಗಿದೆ, ಒಬ್ಬಳೇ ಆಡತೊಡಗಿದೆ. ಬಿಳಿ ಕಾಯಿ ನನ್ನವು, ಕರಿ ಕಾಯಿ ಎದುರಿನವಳವು. ಒಮ್ಮೆ ಈ ಕಡೆ ಕೂಡುವುದು, ಎದ್ದು ಆ ಕಡೆ ಹೋಗಿ ಕೂಡುವುದು. ಸೈಕಲ್ಲಿನಿಂದ ಆಗದ ವ್ಯಾಯಾಮ ಇದರಿಂದಾಯಿತು. ವಿಚಿತ್ರವೆಂದರೆ ಎದುರಿನವಳೇ ಹೆಚ್ಚು ಸಲ ಗೆಲ್ಲುತ್ತಿದ್ದಳು.

ಒಂದು ಸಂಜೆ ಕೆಳಗಿನ ಮನೆಯ ಮಾಬೂಬಿ ಮೆಟ್ಟಿಲೇರಿ ಬಂದಳು. ಆಕೆ ಕುಬಸ ಹೊಲಿಯುವವಳು, ನನ್ನ ವಾರಿಗೆಯವಳು. ವರ್ಷಗಟ್ಟಲೆ ನೆರೆಯವರಾಗಿದ್ದರೂ ನಮ್ಮಿಬ್ಬರ ಮಾತು ತೋಳಿನ ಅಳತೆ ದಾಟಿರಲಿಲ್ಲ.

“ಅಕ್ಕೋರ, ಬಡಿಗ್ಯಾನ್ನ ಕರಸೀರೇನ್ರಿ? ದಿನಾ ಸಂಜಿಮುಂದ ಟಕ್ ಟಕ್ ಅಂತೈತಿ.”

“ಇಲ್ರಿ, ಕೇರಂ ಆಡಾಕತ್ತೇನಿ.”

ಆಕೆ ನನ್ನ ಹಿಂದೆ ಇಣುಕಿ ನೋಡಿದಳು. “ಯಾರ ಜೋಡಿ?”

ನಾನು ಎದುರಿನ ಖಾಲಿ ಜಾಗ ತೋರಿಸಿದೆ. ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಕರಿ ಕಾಯಿಗಳ ಕಡೆ ಕೂತು, “ಹೆಂಗ್ ಹೊಡೀಬೇಕ ತೋರಸ್ರಿ” ಎಂದಳು.

ಮಾಬೂಬಿಯಷ್ಟು ಕೆಟ್ಟದಾಗಿ ಕೇರಂ ಆಡುವವರನ್ನು ನಾನು ಕಂಡಿಲ್ಲ. ಆಕೆ ಹೊಡೆದ ಸ್ಟ್ರೈಕರ್ ಬೋರ್ಡು ಬಿಟ್ಟು ಮಂಚದ ಕೆಳಗೆ ಓಡುತ್ತಿತ್ತು. ಅದನ್ನು ಹುಡುಕುತ್ತ ಬಗ್ಗಿದಲ್ಲೇ ಆಕೆ ತನ್ನ ಸತ್ತ ಗಂಡನ ಸುದ್ದಿ ಹೇಳುತ್ತಿದ್ದಳು, ನಾನು ಅವ್ವನ ಸುದ್ದಿ ಹೇಳುತ್ತಿದ್ದೆ. ಆ ದಿನಗಳಲ್ಲಿ ನಾನು ಮೊಬೈಲಿನಲ್ಲಿ ಏನನ್ನೂ ತರಿಸಲಿಲ್ಲ.

ಅಷ್ಟರಲ್ಲಿ ಲಕ್ಷ್ಮೇಶ್ವರದ ಗಂಡನ ಮನೆಯಲ್ಲಿದ್ದ ಆಕೆಯ ಮಗಳು ಹಡೆದಳು. ಮಾಬೂಬಿ ಬಾಣಂತನಕ್ಕೆ ಹೋದಳು. ಕೆಳಗೆ ಹೊಲಿಗೆ ಯಂತ್ರ ನಿಂತಿತು, ಮೇಲೆ ನಾನು ಮತ್ತೆ ಎದ್ದು ಆ ಕಡೆ, ಈ ಕಡೆ. ಆದರೆ ಈ ಸಲ ಕರಿ ಕಾಯಿಯ ಕಡೆ ಕೂಡಲು ಮನಸ್ಸಾಗಲಿಲ್ಲ. ಅದು ಆಕೆಯ ಜಾಗವಾಗಿತ್ತು.

ಒಂದು ರಜೆಯ ದಿನ ಬೋರ್ಡನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಶಿರಹಟ್ಟಿ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜ ಸೊರಟೂರಿನ ತನಕ ಅದನ್ನೇ ನೋಡಿ, “ಏನ್ಬೇ ಯವ್ವಾ ಇದು, ಕಿಡಕಿ ಬಾಗ್ಲಾ?” ಎಂದ. “ಕೂಸಿನ ನೋಡಾಕ ಹೊಂಟೇನಿ” ಎಂದೆ. ಅಜ್ಜ ಚೂರು ದೂರ ಸರಿದು ಕೂತ.

ಮಾಬೂಬಿ ನನ್ನನ್ನೂ ಬೋರ್ಡನ್ನೂ ನೋಡಿ ಬಾಗಿಲಲ್ಲೇ ಬಿದ್ದು ಬಿದ್ದು ನಕ್ಕಳು. “ಕೂಸಿಗೆ ಅಂಗಿ, ಕುಲಾಯಿ ತರ್ತಾರ್ರಿ ಮಂದಿ!” ಮನೆ ತುಂಬ ಜನ. ಬೋರ್ಡು ಬಿಚ್ಚಿದ್ದೇ ತಡ, ಅಳಿಯ, ಅವನ ತಮ್ಮಂದಿರು, ಚಿಕ್ಕಮ್ಮಂದಿರು ಮುತ್ತಿಕೊಂಡರು. ಎರಡೂ ಕಡೆ ನಾನೇ ಆಡುತ್ತಿದ್ದ ಬೋರ್ಡಿನ ಮೇಲೆ ಸಂಜೆತನಕ ನನಗೆ ಪಾಳಿಯೇ ಬರಲಿಲ್ಲ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಕೂಗಾಡುವುದನ್ನು ನೋಡುತ್ತ ಕೂತೆ. ಕೂಸು ನನ್ನ ಬೆರಳು ಹಿಡಿದು ಮಲಗಿತ್ತು.

ಹೊರಡುವಾಗ ಬೀಗಿತ್ತಿ, ಎಂದರೆ ಅಳಿಯನ ತಾಯಿ, ಕೈಹಿಡಿದು ನಿಲ್ಲಿಸಿದಳು. “ಇವತ್ತ್ ಇಲ್ಲೇ ಇರ್ರಿ ಅಕ್ಕೋರ. ನಾಳೆ ಜಲ್ದಿ ಹೋಗೀರಂತ.”

ಇರಬಹುದಿತ್ತು. ಆದರೆ ಬೋರ್ಡಿನ ನೆವ ಮಾಡಿ ಬಂದವಳು ಹಾಸಿಗೆಯನ್ನೂ ಬೇಡಿದಂತಾಗುತ್ತದಲ್ಲ ಎಂದು ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಇಲ್ರಿ, ಮನ್ಯಾಗ ಕಾಯ್ತಿರ್ತಾರ.”

ಮಾಬೂಬಿ ಪಕ್ಕದಲ್ಲೇ ಇದ್ದಳು. ನನ್ನ ಮನೆಯಲ್ಲಿ ಯಾರು ಕಾಯುತ್ತಾರೆಂದು ಆಕೆಗಿಂತ ಚೆನ್ನಾಗಿ ಬಲ್ಲವರಿಲ್ಲ. ಕಣ್ಣು ಕೂಡ ಮಿಟುಕಿಸದೆ, “ಹೌದ್ರಿ, ಹೋಗ್ಲಿ ಬಿಡ್ರಿ, ದಾರಿ ನೋಡ್ತಿರ್ತಾರ” ಎಂದು ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದು ಬಂದಳು. ದಾರಿಯುದ್ದಕ್ಕೂ ಆ ಮಾತೇ ಎತ್ತಲಿಲ್ಲ. ಬಸ್ಸು ಹೊರಟಾಗ ಮಾತ್ರ ಕಿಟಕಿಯ ಹತ್ತಿರ ಬಂದು, “ಅಕ್ಕೋರ, ಕಾಯ್ತಿರೋರಿಗೆ ನನ್ನ ಸಲಾಮ್ ಹೇಳ್ರಿ” ಎಂದಳು. “ಹೇಳ್ತೇನ್ರಿ” ಎಂದೆ.

ಬೆಟಗೇರಿಗೆ ಬಂದು ಬೀಗ ತೆಗೆದೆ. ಸುಳ್ಳು ಹೇಳಬಾರದೆಂದು ದಿನವೂ ಮಕ್ಕಳಿಗೆ ಪಾಠ ಹೇಳುವವಳು ನಾನು. ಒಪ್ಪಿಕೊಂಡ ಕೆಲಸ ಬಿಡುವುದು ಹೇಗೆ? ಲೈಟು ಹಾಕಿ, ನಡುಮನೆಯಲ್ಲಿ ನಿಂತು, ಸಲಾಮು ಹೇಳಿದೆ. ಮುಟ್ಟಿಸಿದವಳೂ ನಾನೇ, ತೆಗೆದುಕೊಂಡವಳೂ ನಾನೇ.